ಕೆಂಪು ಟ್ರ್ಯಾಕ್ಟರಿನ ಚಳಿಗಾಲಗಳು

ಒಂಟಾರಿಯೋ ಸರೋವರ ಪೂರ್ತಿ ಹೆಪ್ಪುಗಟ್ಟುವುದು ಬಲು ಅಪರೂಪ. ಅದರ ಅತಿ ಆಳದ ಜಾಗ 244 ಮೀಟರ್. ಬೇಸಿಗೆಯೆಲ್ಲ ಒಳಗಿಳಿಸಿಕೊಂಡ ಬಿಸಿಯನ್ನು ಅದು ಫೆಬ್ರವರಿಯಲ್ಲೂ ಇಷ್ಟಿಷ್ಟೇ ಬಿಟ್ಟುಕೊಡುತ್ತಿರುತ್ತದೆ. ಕೆನಡಾದ ಕಡೆಯಿಂದ ಬರುವ ಒಣ ಚಳಿಗಾಳಿ ಆ ನೀರಿನ ಮೇಲೆ ಹಾಯುವಾಗ ಬಿಸಿಯನ್ನೂ ತೇವವನ್ನೂ ಎತ್ತಿಕೊಳ್ಳುತ್ತದೆ, ಪೂರ್ವದ ದಡ ದಾಟಿದ್ದೇ ಹಿಮವಾಗಿ ಸುರಿಸುತ್ತದೆ. ದಡದಿಂದ ಒಳಕ್ಕೆ ಹೋದಂತೆ ನೆಲ ಏರುತ್ತ ಟಗ್ ಹಿಲ್ ಎಂಬ ಎತ್ತರದ ಸೀಮೆ ಬರುತ್ತದೆ. ಮುಂಗಾರಿನ ಮೋಡವನ್ನು ನಮ್ಮ ಘಟ್ಟ ತಡೆದು ಆಗುಂಬೆಯಲ್ಲಿ ಹಿಂಡುವ ಹಾಗೆ, ಸರೋವರದ ಮೋಡವನ್ನು ಟಗ್ ಹಿಲ್ ಹಿಂಡುತ್ತದೆ. ಹಿಮದ ಪಟ್ಟಿ ಒಂದೊಂದು ಸಲ ಎಷ್ಟು ಕಿರಿದಾಗಿರುತ್ತದೆಂದರೆ, ಒಂದು ಮನೆಯ ಅಂಗಳದಲ್ಲಿ ಎರಡಡಿ ಬಿದ್ದಿರುವಾಗ ಹತ್ತು ಮೈಲಿ ಆಚೆಯ ಪೇಟೆಯಲ್ಲಿ ಬಿಸಿಲು ಕಾಯುತ್ತಿರುತ್ತದೆ.

ಆ ದಡಕ್ಕೂ ಆ ಎತ್ತರಕ್ಕೂ ನಡುವೆ, ನ್ಯೂಯಾರ್ಕ್ ರಾಜ್ಯದ ಆಸ್ವೀಗೋ ಕೌಂಟಿಯಲ್ಲಿ ನಮ್ಮ ಮನೆಯಿತ್ತು. ನ್ಯೂಯಾರ್ಕ್ ಎಂದರೆ ಊರಿನಲ್ಲಿ ಎಲ್ಲರ ಕಣ್ಣಿಗೆ ಬರುವುದು ಮ್ಯಾನ್‌ಹಟನ್ನಿನ ಗಗನಚುಂಬಿಗಳು. ಅಲ್ಲಿಂದ ನಮ್ಮಲ್ಲಿಗೆ ಕಾರಿನಲ್ಲಿ ಐದು ಗಂಟೆಯ ದಾರಿ. ಹೈನುಗಾರರ ಕೊಟ್ಟಿಗೆಗಳು, ಸೇಬಿನ ತೋಟಗಳು, ಜೋಳದ ಹೊಲಗಳು ಇರುವ ಊರು ಅದು. ನನ್ನ ಗಂಡನಿಗೆ ಸರೋವರದ ದಂಡೆಯ ವಿದ್ಯುತ್ ಸ್ಥಾವರದಲ್ಲಿ ಕೆಲಸವಿತ್ತು. ಪಾಳಿಯ ಕೆಲಸವಾದ್ದರಿಂದ ಬಿರುಗಾಳಿಯೆಂದು ಮನೆಯಲ್ಲಿ ಉಳಿಯುವಂತಿರಲಿಲ್ಲ. ನಾವು ಕೊಂಡದ್ದು ಹಳೆಯ ಮರದ ಮನೆ. ರಸ್ತೆಯಿಂದ ಮನೆಯವರೆಗೆ ಜಲ್ಲಿ ಹಾಸಿದ ಡ್ರೈವ್‌ವೇ, ಇನ್ನೂರು ಅಡಿಗೂ ಹೆಚ್ಚು ಉದ್ದ. ಬೇಸಿಗೆಯಲ್ಲಿ ಮನೆ ನೋಡಿದಾಗ ಆ ಉದ್ದ ನಮಗೆ ಚೆಂದ ಕಂಡಿತ್ತು. ಮಲೆನಾಡಿನವರಿಗೆ ಮನೆಯೆಂದರೆ ರಸ್ತೆಯಿಂದ ಒಳಗೇ ಇರಬೇಕು.

ಮೊದಲ ಚಳಿಗಾಲವನ್ನು ಸಲಿಕೆಯಲ್ಲೇ ಕಳೆದೆವು. ಹಿಮ ತೆಗೆಯಲೆಂದು ಗೊತ್ತುಮಾಡಿದ್ದ ಪಿಕಪ್ ಗಾಡಿಯವರು ಬರುತ್ತಿದ್ದದ್ದು ಅವರಿಗೆ ಬಿಡುವಾದಾಗ. ಅಷ್ಟು ಹೊತ್ತಿಗೆ ಗಂಡ ಪಾಳಿಗೆ ಹೊರಟಾಗಿರುತ್ತಿತ್ತು, ಹಿಮ ತೆಗೆದಾಗಿರುತ್ತಿತ್ತು, ನನ್ನ ಸೊಂಟವೂ ಬಿದ್ದುಹೋಗಿರುತ್ತಿತ್ತು. ಆ ಕಾಲದ ಬಗ್ಗೆ ಹೇಳುವುದು ಇಷ್ಟೇ.

ರಸ್ತೆಯಾಚೆಯ ಮನೆಯಲ್ಲಿ ಹಿರಿಯರೊಬ್ಬರಿದ್ದರು. ಬದುಕಿಡೀ ಹಸು ಕಟ್ಟಿದವರು. ಹೆಂಡತಿ ತೀರಿಕೊಂಡ ಮೇಲೆ ಕೊಟ್ಟಿಗೆ ಖಾಲಿ ಮಾಡಿ ಒಬ್ಬರೇ ಇದ್ದರು. ನಾನು ಸಲಿಕೆ ಹಿಡಿದು ಒದ್ದಾಡುವುದನ್ನು ಇಡೀ ಚಳಿಗಾಲ ಕಿಟಕಿಯಿಂದ ಕಂಡಿದ್ದರು. ಏಪ್ರಿಲಿನಲ್ಲಿ ಕೆಸರು ಒಣಗುವಾಗ ತಮ್ಮ ಶೆಡ್ಡಿಗೆ ಕರೆದರು. ಅಲ್ಲಿ ಎರಡು ಕೆಂಪು ಟ್ರ್ಯಾಕ್ಟರುಗಳು, ಆಳೆತ್ತರಕ್ಕಿಂತ ಗಿಡ್ಡವಾದ, ಗಟ್ಟಿಮುಟ್ಟಾದ ಜೋಡಿ. “ನನಗೆ ಒಂದು ಸಾಕು. ಇನ್ನೊಂದು ನೀನು ಓಡಿಸು” ಎಂದರು. ಬೆಲೆ ಕೇಳಿದ್ದಕ್ಕೆ ಹೇಳಿದ ಮೊತ್ತ ಎಷ್ಟು ಕಡಿಮೆಯಿತ್ತೆಂದರೆ ನನಗೆ ಸಂಕೋಚವಾಯಿತು. ಅದು ಅವರಿಗೆ ತಿಳಿದಿರಬೇಕು. “ಕೆಟ್ಟಾಗ ನೀನೇ ರಿಪೇರಿ ಮಾಡಬೇಕು, ಆ ಕರಾರಿನ ಮೇಲೆ” ಎಂದು ಸೇರಿಸಿದರು.

ಟ್ರ್ಯಾಕ್ಟರಿನ ಹೆಸರು ವೀಲ್ ಹಾರ್ಸ್, ಮಾದರಿ ಸಿ-120. 1970ರ ದಶಕದ್ದು. ಇಂಡಿಯಾನಾ ರಾಜ್ಯದ ಸೌತ್ ಬೆಂಡಿನಲ್ಲಿ ಎಲ್ಮರ್ ಪಾಂಡ್, ಸೆಸಿಲ್ ಪಾಂಡ್ ಎಂಬ ಅಪ್ಪ ಮಗ 1946ರಲ್ಲಿ ಶುರುಮಾಡಿದ ಕಂಪನಿ. ಯುದ್ಧ ಮುಗಿದು ಜನ ಪಟ್ಟಣದ ಅಂಚಿನಲ್ಲಿ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಎಕರೆ, ಎರಡೆಕರೆ ನೆಲ ಇದ್ದವರಿಗೆ ಹೊಲದ ಟ್ರ್ಯಾಕ್ಟರ್ ದೊಡ್ಡದಾಯಿತು, ಕೈಯಲ್ಲಿ ತಳ್ಳುವ ಹುಲ್ಲು ಕತ್ತರಿಸುವ ಯಂತ್ರ ಚಿಕ್ಕದಾಯಿತು. ಆ ನಡುವಿನ ಜಾಗಕ್ಕೆಂದೇ ಹುಟ್ಟಿದ್ದು ಗಾರ್ಡನ್ ಟ್ರ್ಯಾಕ್ಟರ್. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಕಬ್ ಕ್ಯಾಡೆಟ್ ತಂದಿತು, 1963ರಲ್ಲಿ ಜಾನ್ ಡಿಯರ್ ತನ್ನ 110 ತಂದಿತು. ಹಾಗೆ ಪೈಪೋಟಿ ಬಿದ್ದು ಕಟ್ಟಿದ ಯಂತ್ರಗಳು ಈಗಲೂ ಆ ಸೀಮೆಯ ಶೆಡ್ಡುಗಳಲ್ಲಿ ಓಡುತ್ತಿವೆ.

ನಮ್ಮದರ ಎಂಜಿನ್ ಕೋಹ್ಲರ್ ಕಂಪನಿಯ ಕೆ-301. ಒಂದೇ ಸಿಲಿಂಡರು, 12 ಅಶ್ವಶಕ್ತಿ, ಸುಮಾರು 476 ಸಿಸಿ. ಮೈ ಎರಕದ ಕಬ್ಬಿಣ. ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ ಮೂರು, ಹಿಂದಕ್ಕೆ ಒಂದು. ಅದರ ಮೇಲೆ ಹೈ ಮತ್ತು ಲೋ ಎಂಬ ಇನ್ನೊಂದು ಲಿವರ್. ಒಟ್ಟು ಎಂಟು ವೇಗಗಳು. ಪೆಡಲ್ ಒತ್ತಿದರೆ ಬೆಲ್ಟ್ ಸಡಿಲವಾಗಿ ಗಾಡಿ ನಿಲ್ಲುತ್ತದೆ, ಬಿಟ್ಟರೆ ಬಿಗಿಯಾಗಿ ಹೊರಡುತ್ತದೆ. ಬ್ಲೇಡು, ಹುಲ್ಲಿನ ಡೆಕ್ಕು, ಸ್ನೋ ಥ್ರೋವರು, ಹಿಂದೆ ಕಟ್ಟುವ ಟಿಲ್ಲರು, ಎಲ್ಲವೂ ಆ ಒಂದೇ ಎಂಜಿನ್ನಿನ ಮೇಲೆ ನಡೆಯುವಂಥವು. ಟ್ರ್ಯಾಕ್ಟರಿನ ಜೊತೆ ಅವೂ ಬಂದವು. ಹಿರಿಯರು ಕೊನೆಗೆ ಕೊಟ್ಟದ್ದು ಎಣ್ಣೆ ಕುಡಿದು ಹಾಳೆಗಳು ಪಾರದರ್ಶಕವಾಗಿದ್ದ ಕೈಪಿಡಿ.

ನನಗೆ ಯಂತ್ರ ಹೊಸತಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಗದ್ದೆಗೆ ಟಿಲ್ಲರ್ ಇತ್ತು. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪಿಗೆ ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಾಯಿಸುವ ಎಂಜಿನ್ ಇತ್ತು. ಕೊಳೆರೋಗದ ಮದ್ದು ಹೊಡೆಯುವ ದಿನ ಆ ಎಂಜಿನ್ ಕೈಕೊಟ್ಟರೆ ಮಳೆ ಕಾಯುವುದಿಲ್ಲ. ಪೇಟೆಯಿಂದ ಮೆಕ್ಯಾನಿಕ್ ಬರುವ ಹೊತ್ತಿಗೆ ಗೊನೆಯಲ್ಲಿ ಕಾಯಿ ಉಳಿದಿರುವುದಿಲ್ಲ. ಅಪ್ಪಯ್ಯ ತಾವೇ ಬಿಚ್ಚುತ್ತಿದ್ದರು. ಬ್ಯಾಟರಿ ಹಿಡಿಯುವುದು, ಕೇಳಿದ ಸ್ಪ್ಯಾನರ್ ಕೊಡುವುದು, ಬಿಚ್ಚಿದ ನಟ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಅಡಿಕೆ ಹಾಳೆಯ ಮೇಲೆ ಜೋಡಿಸುವುದು ನನ್ನ ಕೆಲಸ. ಆ ಕ್ರಮವೇ ಮುಖ್ಯವೆಂದು ಅವರು ಪ್ರತಿ ಸಲ ಹೇಳುತ್ತಿದ್ದರು. ನಮ್ಮಲ್ಲಿ ಹೆಣ್ಣುಮಕ್ಕಳು ಟಿಲ್ಲರ್ ಹಿಡಿಯುವ ರೂಢಿ ಇರಲಿಲ್ಲ. ಬಿಚ್ಚುವಾಗ ಪಕ್ಕದಲ್ಲಿ ಕೂರಲು ಯಾರ ಅಡ್ಡಿಯೂ ಇರಲಿಲ್ಲ.

ಟ್ರ್ಯಾಕ್ಟರ್ ಬಂದ ಮೇಲಿನ ಎರಡನೆಯ ಚಳಿಗಾಲದಲ್ಲಿ ಅದು ಬಿಸಿಯೇರಿದ ಮೇಲೆ ಕೆಮ್ಮತೊಡಗಿತು. ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಸೈಲೆನ್ಸರಿನಲ್ಲಿ ಢಂ ಎನ್ನುತ್ತ ನಿಂತುಬಿಡುತ್ತಿತ್ತು. ತಂತಿಯಿಲ್ಲದ ಫೋನನ್ನು ಗರಾಜಿಗೆ ಒಯ್ದು ಊರಿಗೆ ಹಚ್ಚಿದೆ. ಅಲ್ಲಿ ರಾತ್ರಿ ಊಟದ ಹೊತ್ತು.

“ಫೋನನ್ನ ಎಂಜಿನ್ ಹತ್ರ ಹಿಡಿಯೇ” ಎಂದರು ಅಪ್ಪಯ್ಯ. ಹಿಡಿದೆ.

“ಶುರುವಿಂದಲೂ ಹೀಗೇ ಮಾಡ್ತದಾ, ಬಿಸಿ ಆದ್ಮೇಲೆ ಮಾಡ್ತದಾ?”

“ಬಿಸಿ ಆದ್ಮೇಲೆ, ಅಪ್ಪಯ್ಯ.”

“ಹಂಗಾರೆ ಕಂಡೆನ್ಸರ್ ಹೋಗಿದೆ ಕಣೇ. ಪಾಯಿಂಟ್ ನೋಡು, ಸುಟ್ಟು ಕಪ್ಪಾಗಿರ್ತದೆ. ಫ್ಲೈವೀಲ್ ತೆಗೀಲಿಕ್ಕೆ ನಿಂಗೊಬ್ಳಿಗೇ ಆಗ್ತದಾ?”

ಫ್ಲೈವೀಲ್ ತೆಗೆಯುವುದೇ ಬೇಕಿಲ್ಲವೆಂದು ಕೈಪಿಡಿ ನೋಡಿ ಹೇಳಿದೆ. ನಮ್ಮ ಪಂಪಿನ ಎಂಜಿನ್ನಿನಲ್ಲಿ ಪಾಯಿಂಟ್ ಇದ್ದದ್ದು ಫ್ಲೈವೀಲಿನ ಒಳಗೆ. ಅದನ್ನು ಎಳೆದು ತೆಗೆಯುವುದೇ ಅರ್ಧ ದಿನದ ಕೆಲಸ. ಈ ಕೋಹ್ಲರಿನಲ್ಲಿ ಪಾಯಿಂಟನ್ನು ಎಂಜಿನ್ನಿನ ಹೊರಮೈಯಲ್ಲಿ, ಒಂದು ಸಣ್ಣ ಮುಚ್ಚಳದ ಅಡಿ ಕೂರಿಸಿದ್ದಾರೆ. ಒಳಗಿನ ಕ್ಯಾಮ್‌ಶಾಫ್ಟಿನಿಂದ ಒಂದು ಪುಟ್ಟ ಕಡ್ಡಿ ಬಂದು ಅದನ್ನು ತೆರೆಯುತ್ತದೆ, ಮುಚ್ಚುತ್ತದೆ. ಮುಚ್ಚಳ ತೆಗೆದರೆ ಪಾಯಿಂಟ್ ಕಣ್ಣೆದುರೇ. ಇದನ್ನು ವಿವರಿಸಿದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅದನ್ನ ಮಾಡಿದವ್ನಿಗೆ ರಿಪೇರಿ ಮಾಡುವವರ ಕಷ್ಟ ಗೊತ್ತಿತ್ತು” ಎಂದರು. ಪಾಯಿಂಟ್ ನಿಜಕ್ಕೂ ಸುಟ್ಟಿತ್ತು. ಹೊಸದು ಹಾಕಿ, ಫೀಲರ್ ಗೇಜಿನಲ್ಲಿ 0.020 ಇಂಚು ಸಂದು ಇಟ್ಟು, ಕಂಡೆನ್ಸರ್ ಬದಲಾಯಿಸಿದೆ. ಎಂಜಿನ್ ಸರಿಹೋಯಿತು.

ಅಪ್ಪಯ್ಯನ ಆ ಮಾತು ನನ್ನಲ್ಲಿ ಉಳಿಯಿತು. ಆ ಟ್ರ್ಯಾಕ್ಟರ್ ಅಷ್ಟು ವರ್ಷ ಬಾಳಿದ್ದು ಕಬ್ಬಿಣ ದಪ್ಪವಿದ್ದದ್ದರಿಂದ ಮಾತ್ರ ಅಲ್ಲ. ಸವೆಯಲೇಬೇಕಾದ ಭಾಗಗಳನ್ನೆಲ್ಲ ಅದರಲ್ಲಿ ಕೈಗೆ ಸಿಗುವಂತೆ ಇಟ್ಟಿದ್ದರು. ಬೆಲ್ಟ್ ಬದಲಾಯಿಸಲು ಒಂದು ಗಾರ್ಡ್ ತೆಗೆದರೆ ಆಯಿತು. ಗ್ರೀಸ್ ಹಾಕುವ ನಿಪ್ಪಲುಗಳು ಎಲ್ಲೆಲ್ಲಿ ತಿರುಗುವ ಸಂದು ಇದೆಯೋ ಅಲ್ಲೆಲ್ಲ ಇದ್ದವು. ಗೇರ್‌ಬಾಕ್ಸಿನ ಎಣ್ಣೆ ಕೆಳಗೆ ಇಳಿಸಬಹುದು, ಮೇಲಿಂದ ತುಂಬಬಹುದು. ಮನೆಯಲ್ಲಿರುವ ಸ್ಪ್ಯಾನರುಗಳಲ್ಲೇ ಹೆಚ್ಚುಕಡಿಮೆ ಇಡೀ ಗಾಡಿ ಬಿಚ್ಚಬಹುದು. ಈಗ ದೊಡ್ಡ ಅಂಗಡಿಗಳಲ್ಲಿ ಸಾಲಾಗಿ ನಿಲ್ಲಿಸಿರುವ ಅಗ್ಗದ ಲಾನ್ ಟ್ರ್ಯಾಕ್ಟರುಗಳನ್ನು ಬಗ್ಗಿ ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ. ತಗಡನ್ನು ಒತ್ತಿ ಮಾಡಿದ ಚೌಕಟ್ಟು, ಹಲವಕ್ಕೆ ಎಣ್ಣೆ ಬದಲಾಯಿಸಲೆಂದು ಒಂದು ಬಿರಡೆಯನ್ನೂ ಇಡದ ಗೇರ್‌ಬಾಕ್ಸ್. ಹುಲ್ಲು ಕತ್ತರಿಸಲಷ್ಟೇ ಮಾಡಿದ ಗಾಡಿ ಅದು. ಅದಕ್ಕೆ ಮುಂದೆ ಬ್ಲೇಡ್ ಕಟ್ಟಿ, ಹಿಂದೆ ಭಾರ ಹೇರಿ, ಚೈನು ಸುತ್ತಿ ಹಿಮ ತಳ್ಳಿಸಿದರೆ ಕೆಲವೇ ಚಳಿಗಾಲಗಳಲ್ಲಿ ಗೇರ್‌ಬಾಕ್ಸ್ ಸುಟ್ಟುಹೋಗುತ್ತದೆ. ನೆಲಕ್ಕೆ ಹಲ್ಲೂರಿ ಎಳೆಯುವ, ತಳ್ಳುವ ಕೆಲಸಕ್ಕೆಂದೇ ಕಟ್ಟಿದ ಗಾರ್ಡನ್ ಟ್ರ್ಯಾಕ್ಟರೇ ಬೇರೆ. ನೋಡಲು ಎರಡೂ ಒಂದೇ ಗಾತ್ರ. ಕೊಳ್ಳುವವರು ಕೆಳಗೆ ಬಗ್ಗಿ ನೋಡಬೇಕು.

ಹಿಮ ತೆಗೆಯುವುದು ಬಲದ ಕೆಲಸವೆಂದು ಹೊರಗಿನವರಿಗೆ ಅನಿಸುತ್ತದೆ. ಅದರಲ್ಲಿ ಹೆಚ್ಚು ಪಾಲು ಮುಂದಾಲೋಚನೆ. ನಮ್ಮ 42 ಇಂಚಿನ ಬ್ಲೇಡನ್ನು ಎಡಕ್ಕೂ ಬಲಕ್ಕೂ ಓರೆ ಮಾಡಬಹುದಿತ್ತು. ನಾಲ್ಕೈದು ಇಂಚು ಹಗುರ ಹಿಮಕ್ಕೆ ಅದೇ ಸಾಕು, ಥ್ರೋವರಿಗಿಂತ ಬೇಗ. ಆದರೆ ಬ್ಲೇಡ್ ಹಿಮವನ್ನು ಪಕ್ಕಕ್ಕೆ ಸರಿಸುತ್ತದೆಯೇ ಹೊರತು ಇಲ್ಲದಂತೆ ಮಾಡುವುದಿಲ್ಲ. ಡಿಸೆಂಬರಿನ ಮೊದಲ ಹಿಮವನ್ನು ದಾರಿಯ ಅಂಚಿನಲ್ಲೇ ಬಿಟ್ಟರೆ ಅದು ಕಲ್ಲಾಗಿ ಗಟ್ಟಿಯಾಗುತ್ತದೆ. ಜನವರಿಯ ಹಿಮಕ್ಕೆ ಜಾಗವೇ ಇರುವುದಿಲ್ಲ, ದಾರಿ ವಾರವಾರವೂ ಕಿರಿದಾಗುತ್ತ ಬರುತ್ತದೆ. ಹಾಗಾಗಿ ಎರಡೇ ಇಂಚು ಬಿದ್ದರೂ ಮೊದಲ ತಿಂಗಳು ಅದನ್ನು ಹುಲ್ಲಿನ ಮೇಲೆ ಆರೇಳು ಅಡಿ ಆಚೆ ತಳ್ಳಬೇಕು. ದಾರಿಯ ಅಂಚು ಎಲ್ಲಿದೆಯೆಂದು ತಿಳಿಯಲು ನೆಲ ಹೆಪ್ಪುಗಟ್ಟುವ ಮೊದಲೇ ಎರಡೂ ಬದಿಗೆ ಕಡ್ಡಿ ನೆಡಬೇಕು. ಜಲ್ಲಿಯ ದಾರಿಯಾದರೆ ಬ್ಲೇಡಿನ ಅಡಿಯ ಪಾದಗಳನ್ನು ಕೆಳಗಿಳಿಸಿ ಅಲಗು ನೆಲಕ್ಕೆ ತಾಗದಂತೆ ಇಡಬೇಕು, ಇಲ್ಲವಾದರೆ ಮೇ ತಿಂಗಳಲ್ಲಿ ಜಲ್ಲಿಯೆಲ್ಲ ಹುಲ್ಲಿನಲ್ಲಿ ಹೆಕ್ಕಬೇಕಾಗುತ್ತದೆ. ಮೊದಲ ಹಿಮವನ್ನು ತೆಳುವಾಗಿ ಹಾಗೇ ಬಿಟ್ಟು, ಚಕ್ರದಲ್ಲಿ ತುಳಿದು ಹಾಸು ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಇದೆಲ್ಲ ಆ ಹಿರಿಯರು ಹೇಳಿಕೊಟ್ಟದ್ದು. ಒಂದೊಂದೇ ಸಲ, ಒಂದೊಂದೇ ಮಾತು. ರಸ್ತೆಯ ಪ್ಲೌ ಬಗ್ಗೆ ಹೇಳಿದ್ದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಡ್ರೈವ್‌ವೇ ಚೊಕ್ಕಟ ಮಾಡಿ ಒಳಗೆ ಹೋಗಿ ಕಾಫಿಗೆ ಇಡುವಷ್ಟರಲ್ಲಿ ಪ್ಲೌ ಲಾರಿ ಬಂದು ರಸ್ತೆಯ ಹಿಮವನ್ನೆಲ್ಲ ನಮ್ಮ ದಾರಿಯ ಬಾಯಿಗೇ ಅಡ್ಡ ಹಾಕಿ ಹೋಗುತ್ತದೆ. ಆ ದಿಬ್ಬ ಹಿಮವಲ್ಲ. ಉಪ್ಪು, ನೀರು, ಮಂಜುಗಡ್ಡೆ ಕಲಸಿ ಬಿಗಿದ ಗಟ್ಟಿ. ಆಕಾಶದಿಂದ ಬಿದ್ದ ಹಿಮಕ್ಕಿಂತ ಎಷ್ಟೋ ಪಟ್ಟು ತೂಕ. ಸಲಿಕೆ ಹಿಡಿದವರ ಎದೆಗೆ ಅಪಾಯ ಅಲ್ಲಿ ಹೆಚ್ಚು. ಹಿರಿಯರು ಹೇಳಿದ ಉಪಾಯ ಇದು: ರಸ್ತೆಗೆ ಮುಖ ಮಾಡಿ ನಿಂತಾಗ ಎಡಗಡೆಗೆ, ಅಂದರೆ ಪ್ಲೌ ಬರುವ ದಿಕ್ಕಿಗೆ, ರಸ್ತೆಯಂಚಿನಲ್ಲಿ ಒಂದು ಕಾರು ನಿಲ್ಲುವಷ್ಟು ಜಾಗ ಮೊದಲೇ ತೆರವು ಮಾಡಿಡುವುದು. ಲಾರಿ ತನ್ನ ಹೊರೆಯನ್ನು ಆ ಖಾಲಿಗೆ ಇಳಿಸಿ, ನಮ್ಮ ಬಾಯಿಗೆ ಬರುವಾಗ ಹಗುರಾಗಿರುತ್ತದೆ. ಅಂಚೆ ಪೆಟ್ಟಿಗೆಯೂ ಅದೇ ಬದಿಗಿದ್ದರೆ ಎರಡು ಕೆಲಸ ಒಟ್ಟಿಗೇ ಆಯಿತು. ಅಂಚೆಯವರ ಗಾಡಿ ಪೆಟ್ಟಿಗೆಯ ಹತ್ತಿರ ಬರಲು ಆಗದಿದ್ದರೆ ಅವರು ಕಾಗದ ಹಾಕದೆ ಮುಂದೆ ಹೋಗುತ್ತಾರೆ.

ಥ್ರೋವರಿನ ಕಥೆ ಬೇರೆ. ಹಿಮವನ್ನು ತಿರುಗುವ ಅಲಗಿನಿಂದ ಎಸೆಯುವ ಯೋಚನೆ ಹುಟ್ಟಿದ್ದು ಅದೇ ಸರೋವರದ ಆಚೆ ದಡದಲ್ಲಿ. 1869ರಲ್ಲಿ ಟೊರಾಂಟೋದ ಜೆ. ಡಬ್ಲ್ಯು. ಎಲಿಯಟ್ ಎಂಬ ದಂತವೈದ್ಯರು ರೈಲು ಹಳಿಯ ಹಿಮಕ್ಕೆಂದು ಅದನ್ನು ರೂಪಿಸಿದರು. ರಸ್ತೆಗೆ ಒಗ್ಗುವಂಥದ್ದನ್ನು 1925ರಲ್ಲಿ ಕ್ವಿಬೆಕ್ಕಿನ ಆರ್ಥರ್ ಸಿಕಾರ್ ಮಾಡಿದರು. ನಮ್ಮದು ಸುಮಾರು ಮೂರಡಿ ಅಗಲದ, ಒಂದೇ ಹಂತದ್ದು: ಸುರುಳಿಯಲಗು ಹಿಮವನ್ನು ನಡುವಿಗೆ ತಂದು, ತಾನೇ ಮೇಲಿನ ಕೊಳವೆಯ ಮೂಲಕ ಚಿಮ್ಮಿಸುತ್ತದೆ. ಎಂಜಿನ್ ಪೂರ್ತಿ ವೇಗದಲ್ಲಿರಬೇಕು, ಗಾಡಿ ಆಮೆಯ ನಡಿಗೆಯಲ್ಲಿರಬೇಕು. ವೀಲ್ ಹಾರ್ಸಿನಲ್ಲಿ ಕ್ಲಚ್ ಒತ್ತಿದರೆ ಚಕ್ರ ಮಾತ್ರ ನಿಲ್ಲುತ್ತದೆ, ಥ್ರೋವರ್ ತಿರುಗುತ್ತಲೇ ಇರುತ್ತದೆ. ಎಂಜಿನ್ನಿನ ದನಿ ಇಳಿಯುತ್ತಿದೆ ಎಂದು ಕಿವಿಗೆ ಬಿದ್ದ ಕ್ಷಣ ಕ್ಲಚ್ ಒತ್ತಬೇಕು, ಬಾಯಲ್ಲಿದ್ದದ್ದನ್ನು ಅದು ಉಗುಳಲು ಬಿಡಬೇಕು, ದನಿ ಏರಿದ ಮೇಲೆ ಮತ್ತೆ ಮುಂದೆ. ಆ ಲಯ ಕಿವಿಗೂ ಪಾದಕ್ಕೂ ಕೂತ ಮೇಲೆ ಕೆಲಸ ಬೇಜಾರೆನಿಸುವುದಿಲ್ಲ. ಬೆಳಗಿನ ಜಾವ ಐದು ಗಂಟೆಗೆ, ಗಾಡಿಯ ಎರಡು ದೀಪಗಳ ಬೆಳಕಿನಲ್ಲಿ ಹಿಮ ಕಮಾನಾಗಿ ಹಾರಿ ಸೇಬಿನ ಗಿಡಗಳಾಚೆ ಬೀಳುವುದನ್ನು ನೋಡುವುದು ನನಗೆ ನಿಜವಾಗಿ ಇಷ್ಟವಾಗುತ್ತಿತ್ತು.

ಕೊಳವೆ ಕಟ್ಟುವುದು ಒದ್ದೆ ಹಿಮದಲ್ಲಿ. ಸೊನ್ನೆ ಡಿಗ್ರಿಯ ಆಸುಪಾಸಿನ ಹಿಮ ಲೋಹಕ್ಕೆ ಅಂಟಿಕೊಳ್ಳುತ್ತದೆ. ಕೊಳವೆಯ ಒಳಗೆ ಮೇಣವನ್ನೋ ಸಿಲಿಕೋನ್ ಸ್ಪ್ರೇಯನ್ನೋ ಹಚ್ಚಿದರೆ ಸ್ವಲ್ಪ ತಡೆಯುತ್ತದೆ. ಕಟ್ಟಿದಾಗ ಎಂಜಿನ್ ಆರಿಸಿ, ಗಾಡಿಯಿಂದ ಇಳಿದು, ಉದ್ದದ ಮರದ ಕೋಲಿನಿಂದಲೇ ಬಿಡಿಸಬೇಕು. ಕೈ ಹಾಕಲೇಬಾರದು, ಎಂಜಿನ್ ಆರಿದ್ದರೂ ಹಾಕಬಾರದು. ಬಿಗಿದ ಬೆಲ್ಟಿನಲ್ಲಿ ಬಲ ಉಳಿದಿರುತ್ತದೆ; ಅಡ್ಡವಿದ್ದ ಗಟ್ಟಿ ಸಡಿಲವಾದ ಕ್ಷಣ ಅಲಗು ಒಂದು ಸಲ ತಿರುಗಿಬಿಡಬಹುದು. ಹಾಗೆ ಬೆರಳು ಕಳೆದುಕೊಂಡವರು ಪ್ರತಿ ವರ್ಷ ಅಮೆರಿಕದ ಆಸ್ಪತ್ರೆಗಳಿಗೆ ಬರುತ್ತಾರೆ. ನಮ್ಮ ಥ್ರೋವರಿಗೆ ಒಂದು ಕೋಲನ್ನು ಹಗ್ಗದಲ್ಲಿ ಕಟ್ಟಿಯೇ ಇಟ್ಟಿದ್ದೆವು.

2007ರ ಫೆಬ್ರವರಿ ಬಂತು. ಗಾಳಿ ಪಶ್ಚಿಮದಿಂದ, ಸರೋವರದ ಮುನ್ನೂರು ಕಿಲೋಮೀಟರ್ ಉದ್ದಕ್ಕೂ ನೇರ ಬೀಸಿ, ದಿನಗಟ್ಟಲೆ ದಿಕ್ಕು ಬದಲಿಸದೆ ನಿಂತುಬಿಟ್ಟಿತು. ನಮ್ಮ ಕೌಂಟಿಯ ರೆಡ್‌ಫೀಲ್ಡ್ ಎಂಬ ಊರಿನಲ್ಲಿ 3ರಿಂದ 12ನೇ ತಾರೀಖಿನೊಳಗೆ 141 ಇಂಚು ಹಿಮ ಬಿತ್ತೆಂದು ಹವಾಮಾನ ಇಲಾಖೆ ದಾಖಲಿಸಿದೆ. ಹೆಚ್ಚುಕಡಿಮೆ ಹನ್ನೆರಡು ಅಡಿ. ನಮ್ಮಲ್ಲಿ ಅಷ್ಟಿರಲಿಲ್ಲ, ಆದರೆ ಅಡುಗೆಮನೆಯ ಕಿಟಕಿ ಮುಚ್ಚುವಷ್ಟಿತ್ತು. ಶಾಲೆಗಳು ಮುಚ್ಚಿದವು. ನೆರೆಯ ಊರುಗಳಿಂದ ಲಾರಿಗಳೂ ಜನರೂ ಸಹಾಯಕ್ಕೆ ಬಂದರು. ಆ ದಿನಗಳಲ್ಲಿ ಬ್ಲೇಡ್ ಕೆಲಸಕ್ಕೆ ಬರಲಿಲ್ಲ. ತಳ್ಳಿದರೆ ತಳ್ಳುವುದೆಲ್ಲಿಗೆ? ಪಕ್ಕದ ಗೋಡೆಗಳು ನನ್ನ ತಲೆಗಿಂತ ಎತ್ತರವಿದ್ದವು.

ಥ್ರೋವರನ್ನು ಕಟ್ಟಿದೆ. ಹಿಮದ ಆಳ ಅದರ ಬಾಯಿಗಿಂತ ಹೆಚ್ಚಿದ್ದಾಗ ಒಂದೇ ಸಲಕ್ಕೆ ನುಗ್ಗಿದರೆ ಮೇಲಿನ ಹಿಮ ಕುಸಿದು ಎಂಜಿನ್ನಿನ ಮೇಲೇ ಬೀಳುತ್ತದೆ. ಲಿವರಿನಿಂದ ಥ್ರೋವರನ್ನು ಎತ್ತಿ ಹಿಡಿದು ಮೇಲಿನ ಪದರ ಮೊದಲು, ಹಿಂದೆ ಬಂದು ಕೆಳಗಿನ ಪದರ ಆಮೇಲೆ. ನಾಲ್ಕು ಅಡಿ ಮುಂದೆ ಹೋಗುವುದು, ನಾಲ್ಕು ಅಡಿ ಹಿಂದೆ ಬರುವುದು. ಹಿಂದಿನ ಚಕ್ರಗಳಿಗೆ ಚೈನು, ಒಂದೊಂದು ಚಕ್ರಕ್ಕೂ ಸುಮಾರು 50 ಪೌಂಡಿನ ಎರಕದ ತೂಕ, ಟಯರಿನ ಒಳಗೆ ಹೆಪ್ಪುಗಟ್ಟದ ದ್ರವ. ಇಷ್ಟಿಲ್ಲದಿದ್ದರೆ ಹನ್ನೆರಡು ಅಶ್ವಶಕ್ತಿಯೂ ಜಾರಿ ನಿಲ್ಲುತ್ತದೆ. ಗಾಳಿಗೆ ಎದುರಾಗಿ ಎಸೆದರೆ ಹಿಮವೆಲ್ಲ ಮುಖಕ್ಕೇ ಬರುವುದರಿಂದ ಕೊಳವೆಯನ್ನು ಸದಾ ಗಾಳಿ ಹೋಗುವ ಕಡೆಗೆ ತಿರುಗಿಸಿಟ್ಟುಕೊಂಡಿರಬೇಕು.

ನಮ್ಮ ದಾರಿ ಬಿಡಿಸಿಕೊಂಡ ಮೇಲೆ ರಸ್ತೆ ದಾಟಿ ಹಿರಿಯರ ಮನೆಗೆ ಹೋದೆ. ಅವರಿಗೆ ಆಗ ಎಂಬತ್ತು ದಾಟಿತ್ತು. ಹಿಂದಿನ ವರ್ಷ ಎದೆಯ ಶಸ್ತ್ರಚಿಕಿತ್ಸೆಯಾಗಿತ್ತು, ಅವರ ಟ್ರ್ಯಾಕ್ಟರ್ ಶೆಡ್ಡಿನಲ್ಲೇ ನಿಂತಿತ್ತು. ನನಗೆ ಹೆದರಿಕೆ ಇದ್ದದ್ದು ಮನೆ ಬಿಸಿಮಾಡುವ ಅವರ ಕುಲುಮೆಯ ಹೊಗೆಕೊಳವೆಯದು. ಆ ಮನೆಯಲ್ಲಿ ಅದು ಗೋಡೆಯ ಪಕ್ಕದಿಂದ, ನೆಲದಿಂದ ಎರಡಡಿ ಎತ್ತರದಲ್ಲಿ ಹೊರಬರುತ್ತಿತ್ತು. ಅದು ಹಿಮದಲ್ಲಿ ಮುಚ್ಚಿದರೆ ಹೊಗೆ ಮನೆಯೊಳಗೇ ತುಂಬುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ. ಗೋಡೆಯ ಹತ್ತಿರದವರೆಗೆ ಟ್ರ್ಯಾಕ್ಟರಿನಲ್ಲಿ ಹೋಗಿ, ಕೊನೆಯ ಭಾಗವನ್ನು ಸಲಿಕೆಯಿಂದ ತೆಗೆದೆ. ಕೊಳವೆಯ ಬಾಯಿ ಮುಚ್ಚಲು ಇನ್ನೊಂದು ಗೇಣು ಹಿಮವಷ್ಟೇ ಬಾಕಿಯಿತ್ತು. ಆ ವಾರವೆಲ್ಲ ದಿನಕ್ಕೆರಡು ಹೊತ್ತು ಅಲ್ಲಿಗೆ ಹೋದೆ. ಮಧ್ಯಾಹ್ನದ ಹೊತ್ತಿಗಾದರೆ ಒಳಗೆ ಕರೆದು ಸೂಪ್ ಕೊಡುತ್ತಿದ್ದರು. ಎಂಜಿನ್ನಿನ ದನಿ ಸರಿಯಿದೆ, ಕಾರ್ಬ್ಯುರೇಟರ್ ಮಾತ್ರ ಒಂಚೂರು ರಿಚ್ ಆಗಿದೆ ಎನ್ನುತ್ತಿದ್ದರು. ಒಳಗೆ ಕೂತೇ ಕೇಳಿಸಿಕೊಂಡಿದ್ದರು.

ಅದೇ ವರ್ಷ ವೀಲ್ ಹಾರ್ಸ್ ಹೆಸರು ನಿಂತಿತು. ಕಂಪನಿ 1974ರಲ್ಲಿ ಅಮೆರಿಕನ್ ಮೋಟಾರ್ಸ್ ಕೈಗೆ, 1986ರಲ್ಲಿ ಟೊರೋ ಕೈಗೆ ಹೋಗಿತ್ತು. 2007ರಲ್ಲಿ ಟೊರೋ ಆ ಹೆಸರನ್ನು ಕೈಬಿಟ್ಟಿತು. ಬಿಡಿಭಾಗಗಳಿಗೆ ತೊಂದರೆಯಾಗಲಿಲ್ಲ. ಬೇರಿಂಗ್, ಬೆಲ್ಟ್, ಸೀಲ್ ಎಲ್ಲ ಎಲ್ಲರೂ ಮಾಡುವ ಅಳತೆಯವು. ಉಳಿದದ್ದಕ್ಕೆ ಸುತ್ತಲಿನ ಶೆಡ್ಡುಗಳಲ್ಲಿ ಅದೇ ಕೆಂಪಿನ ಹಳೆಯ ಗಾಡಿಗಳಿದ್ದವು.

ವರ್ಷಕ್ಕೊಮ್ಮೆಯ ಸೇವೆಯನ್ನು ನಾನು ಆಯುಧಪೂಜೆಗೆ ಗೊತ್ತುಮಾಡಿಕೊಂಡಿದ್ದೆ. ಹೆಚ್ಚಿನ ವರ್ಷ ಅಕ್ಟೋಬರಿನಲ್ಲಿ, ಮೇಪಲ್ ಎಲೆಗಳು ಉದುರುವ ಹೊತ್ತಿಗೆ ಅದು ಬರುತ್ತದೆ, ಚಳಿಗಾಲದ ತಯಾರಿಗೆ ಅದಕ್ಕಿಂತ ಸರಿಯಾದ ದಿನವಿಲ್ಲ. ಹುಲ್ಲಿನ ಡೆಕ್ಕನ್ನು ಬಿಚ್ಚಿ, ಕೆಳಗೆ ಅಂಟಿದ ಹುಲ್ಲನ್ನು ಕೆರೆದು, ಅಲಗಿಗೆ ಎಣ್ಣೆ ಸವರಿ ಒಳಗಿಡುವುದು. ಬೇಸಿಗೆಯ ದಪ್ಪನೆಯ ಎಸ್‌ಎಇ 30 ಎಣ್ಣೆ ಇಳಿಸಿ, ಚಳಿಗೂ ಹರಿಯುವ 5ಡಬ್ಲ್ಯು-30 ತುಂಬುವುದು. ಪ್ಲಗ್ಗು, ಪಾಯಿಂಟು ನೋಡುವುದು. ಗ್ರೀಸ್ ಹೊಡೆಯುವುದು. ಎಲ್ಲ ಮುಗಿದ ಮೇಲೆ ಅರಿಶಿನ ಕುಂಕುಮ, ಒಂದು ಸೇವಂತಿಗೆ, ಚಕ್ರದಡಿ ನಿಂಬೆಹಣ್ಣು. ಹಿರಿಯರು ಮೊದಲ ಸಲ ಇದನ್ನು ನೋಡಿದಾಗ ಟೊಪ್ಪಿ ತೆಗೆದು ನಿಂತರು. ಮರುವರ್ಷ ತಮ್ಮ ಟ್ರ್ಯಾಕ್ಟರನ್ನೂ ತೊಳೆದು ತಂದು ಪಕ್ಕದಲ್ಲಿ ನಿಲ್ಲಿಸಿದರು.

ಸಂಕ್ರಾಂತಿ ಬರುವುದು ಹಿಮದ ನಟ್ಟನಡುವೆ. ಸಿರಾಕ್ಯೂಸ್ ಕಡೆಯ ಕನ್ನಡದ ಮನೆಗಳವರು ಎಳ್ಳುಬೆಲ್ಲಕ್ಕೆ ನಮ್ಮಲ್ಲಿಗೆ ಬರುವ ರೂಢಿಯಾಯಿತು. ಹತ್ತಾರು ಕಾರುಗಳಿಗೆ ಜಾಗವಾಗಬೇಕು. ಹಿಂದಿನ ರಾತ್ರಿಯೇ ಕೊಟ್ಟಿಗೆಯ ಪಕ್ಕದ ಹುಲ್ಲುಗಾವಲನ್ನು ಥ್ರೋವರಿನಲ್ಲಿ ಬಿಡಿಸಿ ಸಾಲು ಮಾಡಿಡುತ್ತಿದ್ದೆ. ಮಕ್ಕಳಿಗೆ ಎಳ್ಳುಬೆಲ್ಲಕ್ಕಿಂತ ಟ್ರ್ಯಾಕ್ಟರಿನ ಮೇಲೆ ಹತ್ತಿ ಕೂರುವುದೇ ಹಬ್ಬ. ಹೆಣ್ಣುಮಕ್ಕಳಲ್ಲಿ ಆಸೆಯಿದ್ದವರಿಗೆ ಪಾಯಿಂಟಿನ ಮುಚ್ಚಳ ಬಿಚ್ಚಿ ತೋರಿಸುತ್ತಿದ್ದೆ. ಒಬ್ಬಳು ಮುಂದೆ ಮೆಕ್ಯಾನಿಕಲ್ ಓದಿದಳು. ಅದು ನನ್ನಿಂದ ಎಂದು ಹೇಳಲಾರೆ, ಆದರೆ ಕೇಳಿ ಬಹಳ ಸಂತೋಷಪಟ್ಟೆ.

ಗಂಡ ನಿವೃತ್ತರಾದ ಮೇಲೆ ನಾವು ಮಗನ ಮನೆಗೆ ಹತ್ತಿರವಾಗಲೆಂದು ದಕ್ಷಿಣಕ್ಕೆ ಬಂದೆವು. ಇಲ್ಲಿ ಹಿಮ ಬಿದ್ದರೆ ಅದೇ ಸುದ್ದಿ. ಮನೆ ಕೊಂಡವರು ಚಿಕ್ಕ ವಯಸ್ಸಿನ ದಂಪತಿ. ಹೆಂಡತಿ ನರ್ಸ್, ರಾತ್ರಿ ಪಾಳಿಯವಳು. ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಟ್ರ್ಯಾಕ್ಟರನ್ನು ಅವಳಿಗೇ ಕೊಟ್ಟೆ. ಹಿರಿಯರು ನನಗೆ ಹಾಕಿದ್ದ ಕರಾರನ್ನೇ ಹಾಕಿದೆ, ಕೈಪಿಡಿಯನ್ನೂ ಕೊಟ್ಟೆ.

ಮೊದಲ ಜನವರಿಯಲ್ಲೇ ಅವಳ ಫೋನ್ ಬಂತು. ರಾತ್ರಿಯಿಂದ ನಿಂತಿದ್ದ ಗಾಡಿ ಚಾಲೂ ಆಗುತ್ತಿದೆ, ಆದರೆ ಥ್ರೋವರಿನ ಲಿವರ್ ಎಳೆದರೆ ಬೆಲ್ಟ್ ಕಿರುಚುತ್ತದೆ, ಅಲಗು ಅಲುಗುವುದಿಲ್ಲ. ನಿನ್ನೆ ಕೆಲಸ ಮುಗಿಸಿದ ಮೇಲೆ ಥ್ರೋವರನ್ನು ಖಾಲಿ ಓಡಿಸಿ ಒಣಗಿಸಿದೆಯಾ ಎಂದು ಕೇಳಿದೆ. ಇಲ್ಲವೆಂದಳು. ಹಾಗಾದರೆ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಅಲಗನ್ನು ಕವಚಕ್ಕೆ ಅಂಟಿಸಿದೆ. ಎಂಜಿನ್ ಆರಿಸು, ಪ್ಲಗ್ಗಿನ ತಂತಿ ಕಿತ್ತು ಪಕ್ಕಕ್ಕೆ ಕಟ್ಟು, ಆಮೇಲೆ ಮರದ ಸುತ್ತಿಗೆಯಿಂದ ಅಂಚಿನಲ್ಲಿ ಮೆಲ್ಲಗೆ ತಟ್ಟಿ ಮಂಜುಗಡ್ಡೆ ಬಿಡಿಸು, ಕೋಲಿನಿಂದಲೇ ಅಲಗನ್ನು ಆಚೀಚೆ ಆಡಿಸಿ ನೋಡು ಎಂದೆ.

“ಕೋಲು ಹಗ್ಗದಲ್ಲಿ ಕಟ್ಟಿದ್ದೇ ಇದೆ” ಎಂದಳು.

“ತಂತಿ ಕಿತ್ತೆಯಾ?”

“ಕಿತ್ತೆ.”

“ಸರಿ. ಫೋನನ್ನು ಪಕ್ಕದಲ್ಲಿಡು, ಕಟ್ ಮಾಡಬೇಡ. ಬಿಟ್ಟಿತು ಅಂದ ಮೇಲೆ ಚಾಲೂ ಮಾಡುವಾಗ ಎಂಜಿನ್ ಹತ್ತಿರ ಹಿಡಿ, ನಾನೂ ಕೇಳುತ್ತೇನೆ.”